ಎಡೆ ಇಟ್ಟು ಬಾಗಿಲು ಮುಚ್ಚಿದ್ದು

ನಮ್ಮ ಯಜಮಾನರು ಸತ್ತ ಮೇಲೆ ವರ್ಷಕ್ಕೆ ಒಂದು ಸಲ ಮನೆಗೆ ಊಟಕ್ಕೆ ಬರುತ್ತಾರೆ, ಮಹಾಲಯ ಅಮಾವಾಸ್ಯೆಯ ದಿನ. ಬದುಕಿದ್ದಾಗ ಅವರು ಹೊತ್ತಿಗೆ ಸರಿಯಾಗಿ ಊಟಕ್ಕೆ ಬಂದವರಲ್ಲ. ಸತ್ತ ಮೇಲೆ ಹೊತ್ತು ಕಲಿತಿದ್ದಾರೆ.

ನಮ್ಮ ಮಂಡ್ಯದ ಕಡೆ ಇದಕ್ಕೆ ಹಿರಿಯರ ಹಬ್ಬ ಎನ್ನುತ್ತಾರೆ. ಸತ್ತವರ ಫೋಟೊ ಇಟ್ಟು, ಬಾಳೆ ಎಲೆ ಹಾಕಿ, ಅವರು ಏನನ್ನು ಇಷ್ಟಪಟ್ಟು ಉಣ್ಣುತ್ತಿದ್ದರೋ ಅದನ್ನೆಲ್ಲ ಮಾಡಿ ಬಡಿಸುತ್ತೇವೆ. ಅದೇ ಎಡೆ. ದೇವರಿಗೆ ಏನು ಇಷ್ಟ ಎಂದು ಯಾರಿಗೆ ಗೊತ್ತು, ಪೂಜಾರಿ ಹೇಳಿದ್ದನ್ನು ಇಡುತ್ತೇವೆ. ಗಂಡನಿಗೆ ಏನು ಇಷ್ಟ ಎಂದು ಹೆಂಡತಿಗೆ ಗೊತ್ತು. ನಮ್ಮವರಿಗೆ ರಾಗಿ ಮುದ್ದೆ, ಕುರಿ ಬಾಡಿನ ಸಾರು, ಹುರಿದ ಲಿವರು, ಒಂದು ಕ್ವಾರ್ಟರ್ ರಮ್ಮು, ಒಂದು ಕಟ್ಟು ಬೀಡಿ. ಧೂಪ ಹಾಕಿ ಕೈಮುಗಿದ ಮೇಲೆ ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚಬೇಕು. ನಾವು ಬಾಯಿ ಬಿಟ್ಟುಕೊಂಡು ನೋಡುತ್ತ ಕೂತರೆ ಅವರು ಉಣ್ಣುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಬಾಗಿಲು ತಟ್ಟಿ, ಒಂದು ಸಲ ಕೆಮ್ಮಿ ಒಳಗೆ ಹೋಗಬೇಕು. ತಟ್ಟದೆ ನುಗ್ಗಿದರೆ ಎಲೆಯ ಮುಂದಿನಿಂದ ಎಬ್ಬಿಸಿ ಕಳಿಸಿದ ಹಾಗೆ. ಬೈಗುಳ ತಿಂದರೂ ಸಹಿಸಬಹುದು, ಎಲೆಯ ಮುಂದಿನಿಂದ ಎಬ್ಬಿಸಿದ್ದನ್ನು ಯಾರೂ ಮರೆಯುವುದಿಲ್ಲ.

ನಮ್ಮವರು ಊರು ಬಿಟ್ಟು ಬಂದು ಇಲ್ಲಿ ಉತ್ತರದ ಕಡೆ ಸರಕಾರಿ ಆಫೀಸಿನಲ್ಲಿ ಡ್ರೈವರ್ ಆಗಿದ್ದರು. ಮದುವೆಯಾಗಿ ಕಿದ್ವಾಯಿ ನಗರದ ಹಳೇ ಕ್ವಾರ್ಟರ್ಸಿಗೆ ಬಂದಾಗ ನನ್ನ ಹತ್ತಿರ ಇದ್ದದ್ದು ನಾಲ್ಕನೇ ಕ್ಲಾಸಿನ ಕನ್ನಡ ಮಾತ್ರ. ಹಿಂದಿಯನ್ನು ತರಕಾರಿ ಭಯ್ಯಾನ ಜೊತೆ ಜಗಳವಾಡಿ ಕಲಿತೆ. ಆಗ ಎಡೆ ನಮ್ಮ ಅತ್ತೆ ಮಾವನಿಗೆ. ಇಟ್ಟು ಬಾಗಿಲು ಮುಚ್ಚಿ ಅಂಗಳದ ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದೆವು. ಹಿಂದಿನ ಸಾಲಿನ ಬಂಗಾಲಿ ಹೆಂಗಸು ಮಸಾಲೆಗೆ ಏನೇನು ಹಾಕಿದೆ ಎಂದು ಕೇಳುತ್ತಿದ್ದಳು. ಪಂಜಾಬಿ ಮುದುಕ, ‘ನಿಮ್ಮ ಅಪ್ಪ ಕುಡಿದು ಮಿಕ್ಕಿದ್ದು ಇದ್ದರೆ ಈ ಕಡೆ ಕಳಿಸು’ ಎಂದು ನಮ್ಮವರನ್ನು ಕಿಚಾಯಿಸುತ್ತಿದ್ದ. ಆಗ ನಮಗೆ ನಾಚಿಕೆ ಅನ್ನುವುದೇ ಇರಲಿಲ್ಲ.

ನಾಚಿಕೆ ಬಂದದ್ದು ಮಯೂರ್ ವಿಹಾರಿನ ಈ ಫ್ಲಾಟಿಗೆ ಬಂದ ಮೇಲೆ. ಮಗ ಫರೀದಾಬಾದಿನ ಕಾರ್ಖಾನೆಯಲ್ಲಿ ಇಂಜಿನಿಯರು. ಸಾಲ ಮಾಡಿ ಕೊಂಡ. ಎದುರು ಬಾಗಿಲಿನ ಹೆಂಗಸು ಬನಾರಸ್ ಕಡೆಯವಳು, ನನ್ನ ವಾರಗೆಯವಳು, ನನ್ನ ಹಾಗೇ ಗಂಡನನ್ನು ಕಳಕೊಂಡವಳು. ನಾನು ಅವಳನ್ನು ಬೆಹನ್‌ಜೀ ಎನ್ನುತ್ತೇನೆ, ಅವಳು ನನ್ನನ್ನು ಅಮ್ಮಾಜೀ ಎನ್ನುತ್ತಾಳೆ. ನಾವು ಸಾಮಾನು ಇಳಿಸುತ್ತಿದ್ದಾಗಲೇ ಚಹಾ ತಂದುಕೊಟ್ಟು, ‘ಸೌತ್ ಇಂಡಿಯನ್ ಹೈಂ ನಾ? ಅಚ್ಛಾ ಹೈ. ಶುದ್ಧ ಶಾಕಾಹಾರಿ ಲೋಗ್’ ಎಂದಳು, ಮಾಂಸ ಮುಟ್ಟದ ಜನ ಎಂದು.

ನಾನು ನಕ್ಕೆ. ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ಡ್ರೈವರನ ಹೆಂಡತಿಗೆ ಯಾರೂ ಪುಕ್ಕಟೆ ಮರ್ಯಾದೆ ಕೊಟ್ಟಿರಲಿಲ್ಲ. ಕೊಟ್ಟಾಗ ಬೇಡ ಅನ್ನುವುದಕ್ಕೆ ಮನಸ್ಸು ಬರಲಿಲ್ಲ. ಸೊಸೈಟಿಯ ಹೆಂಗಸರ ಭಜನೆಯಲ್ಲಿ ನನ್ನನ್ನು ಮುಂದಿನ ಸಾಲಿಗೆ ಕೂರಿಸಿದರು. ನನ್ನ ಇಡ್ಲಿಯನ್ನು ಪ್ರಸಾದದ ಹಾಗೆ ಎರಡು ಕೈಯಲ್ಲಿ ತೆಗೆದುಕೊಳ್ಳುತ್ತಿದ್ದರು. ಬೆಹನ್‌ಜೀ ಮನೆಯಿಂದ ಸ್ಟೀಲ್ ಬಟ್ಟಲಲ್ಲಿ ಖೀರು ಬಂದರೆ ಅದೇ ಬಟ್ಟಲಲ್ಲಿ ನಮ್ಮನೆಯಿಂದ ಚಿತ್ರಾನ್ನ ಹೋಗುತ್ತಿತ್ತು. ಮನೆಯಲ್ಲಿ ಬಾಡು ಮಾಡಿದ ದಿನ ಅಡುಗೆಮನೆಯ ಕಿಟಕಿ ಮುಚ್ಚುವುದು ಶುರುವಾಯಿತು. ಮಗ ಫೋನಿನಲ್ಲಿ ‘ಹಾಗಲಕಾಯಿ ತರ್ಲಾ?’ ಎಂದು ಕೇಳುತ್ತಿದ್ದ. ಮೊಮ್ಮಗಳು ಒಂದು ದಿನ ನಿಜವಾದ ಹಾಗಲಕಾಯಿ ತಟ್ಟೆಗೆ ಬಿದ್ದಾಗ ಮೋಸ ಹೋದೆ ಎಂದು ಅತ್ತಳು.

ಸೊಸೆಯ ವಿಷಯ ಇಲ್ಲೇ ಹೇಳಬೇಕು. ಅವಳು ಧಾರವಾಡದ ಕಡೆಯವಳು, ಮೊಟ್ಟೆಯೂ ಒಳಗೆ ಬರದ ಮನೆಯ ಹುಡುಗಿ. ನೋಯ್ಡಾದಲ್ಲಿ ಆಫೀಸು. ಮಗನೇ ಮೆಚ್ಚಿ ಕಟ್ಟಿಕೊಂಡದ್ದು, ನಾನು ಹುಡುಕಿದ್ದಲ್ಲ. ನನ್ನ ಕೈಗಂಟುಗಳು ಸೊಟ್ಟಗಾಗಿ ಸೌಟು ಹಿಡಿಯಲು ಆಗದೆ ಹೋದಾಗ ಎಡೆಯ ಅಡುಗೆಯನ್ನು ಅವಳೇ ತೆಗೆದುಕೊಂಡಳು. ನಾನು ಕೇಳಿರಲಿಲ್ಲ. ಮೂಗಿಗೆ ಒಂದು ದುಪಟ್ಟಾ ಕಟ್ಟಿಕೊಂಡು ಬಾಡು ತೊಳೆಯುತ್ತಿದ್ದಳು. ‘ಮಾವನವರಿಗೆ ಖಾರ ಎಷ್ಟ್ ಬೇಕ್ರಿ?’ ಎಂದು ಕೇಳುತ್ತಿದ್ದಳು, ಅವರು ಒಳಗೆ ಕೂತಿದ್ದಾರೇನೋ ಎನ್ನುವಂತೆ. ಅವಳು ರುಚಿ ನೋಡುವಂತಿಲ್ಲ, ನಾನು ನೋಡಿ ಉಪ್ಪು ಹೇಳಬೇಕು. ಆ ದಿನಕ್ಕೆ ಪ್ರತಿ ವರ್ಷ ಆಫೀಸಿಗೆ ರಜೆ ಹಾಕುತ್ತಿದ್ದಳು. ಮಾವನನ್ನು ಅವಳು ಕಂಡಿದ್ದು ಫೋಟೊದಲ್ಲಿ ಮಾತ್ರ.

ಹೋದ ವರ್ಷ ಅಮಾವಾಸ್ಯೆ ಕೆಲಸದ ದಿನ ಬಂತು. ಮಗ, ‘ಅವ್ವ, ಸಂಡೇ ಮಾಡ್‌ಬಿಡಣ. ನಂಗೆ ಛುಟ್ಟಿ ಸಿಗಲ್ಲ’ ಎಂದ.

‘ಭಾನುವಾರ ನವರಾತ್ರಿ ಒಳಗೆ ಬೀಳ್ತದೆ. ಎದುರು ಮನೇಲಿ ಕಲಶ ಕೂತಿರ್ತದೆ, ಇಲ್ಲಿ ನೀನು ಮೂಳೆ ಕಡೀತೀಯ?’

‘ಹಂಗಾದ್ರೆ ಹಬ್ಬ ಆದ್ಮೇಲೆ ಮಾಡಣ.’

‘ನಿಮ್ಮಪ್ಪನಿಗೆ ಫೋನ್ ಮಾಡಿ ಹೇಳು, ಹಬ್ಬ ಆದ್ಮೇಲೆ ಬನ್ನಿ ಅಂತ.’

ಮೊಮ್ಮಗಳು ಮಧ್ಯೆ ಬಾಯಿ ಹಾಕಿದಳು. ‘ಅಜ್ಜಿ, ತಾತ ಸಂಡೇ ಕ್ಯೋಂ ನಹೀ ಆ ಸಕ್ತೇ?’

‘ನಿನ್ನ ಸ್ಕೂಲ್ ಬಸ್ಸು ಎಷ್ಟು ಹೊತ್ತಿಗೆ ಬರ್ತದೋ ಅಷ್ಟು ಹೊತ್ತಿಗೆ ನೀನು ಗೇಟಲ್ಲಿ ಇರ್ಬೇಕು ಅಲ್ವಾ? ನಿನಗೆ ಪುರುಸೊತ್ತಾದಾಗ ಹೋಗಿ ನಿಂತ್ರೆ ಬಸ್ಸು ಬರ್ತದಾ?’

ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ. ಬದುಕಿದ್ದವರಿಗೆ ನಾಳೆ ಎನ್ನಬಹುದು, ನಾಳಿದ್ದು ಎನ್ನಬಹುದು. ಸತ್ತವರಿಗೆ ಹೇಳಿ ಕಳಿಸುವುದು ಹೇಗೆ? ಅದಕ್ಕೇ ಒಂದು ದಿನವನ್ನು ಗೊತ್ತು ಮಾಡಿಟ್ಟಿದ್ದಾರೆ, ಇತ್ತಲಿಂದ ನಾವು ಎಲೆ ಹಾಕುವುದಕ್ಕೆ, ಅತ್ತಲಿಂದ ಅವರು ಬರುವುದಕ್ಕೆ. ಅವರು ಬಂದಾಗ ಎಲೆ ಇಲ್ಲದಿದ್ದರೆ ಹಸಿದು ವಾಪಸು ಹೋಗುತ್ತಾರೆ, ಇನ್ನೊಂದು ವರ್ಷ. ಎದುರು ಮನೆಯ ಬೆಹನ್‌ಜೀಗೂ ಅದೇ ಅಮಾವಾಸ್ಯೆ, ಅದೇ ಕೆಲಸ. ಅವಳ ಹಿರಿಯರು ಖೀರು ಪೂರಿ ಉಣ್ಣುತ್ತಾರೆ. ಆ ಹದಿನೈದು ದಿನ ಅವಳ ಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ.

ಮಗ ಅರ್ಧ ದಿನದ ರಜೆ ತಂದ. ಬಾಡನ್ನು ಕಪ್ಪು ಕವರಿನಲ್ಲಿ ಸುತ್ತಿ, ಲ್ಯಾಪ್‌ಟಾಪ್ ಬ್ಯಾಗಿನಲ್ಲಿಟ್ಟುಕೊಂಡು, ಲಿಫ್ಟಿನಲ್ಲಿ ಎಲ್ಲರಿಗೂ ನಮಸ್ತೆ ಹೇಳಿಕೊಂಡು ಬಂದ. ಸೊಸೆ ಬೆಳಗ್ಗೆಯಿಂದ ಮಸಾಲೆ ಹುರಿದಿದ್ದಳು. ಹಾಲ್‌ನಲ್ಲಿ, ಬಾಗಿಲಿಗೆ ಎದುರಾಗಿ, ಎಡೆ ಇಟ್ಟೆವು. ಜಾಗ ಇದ್ದದ್ದೇ ಅಲ್ಲಿ. ದೀಪ ಹಚ್ಚಿದೆವು, ಧೂಪ ಹಾಕಿದೆವು. ಕಾರಿಡಾರಿನಲ್ಲಿ ಯಾರೂ ಇಲ್ಲ ಎಂದು ಮಗ ಇಣುಕಿ ನೋಡಿದ ಮೇಲೆ ನಾಲ್ಕೂ ಜನ ಹೊರಗೆ ಬಂದೆವು. ಬಾಗಿಲು ಸಂದಿಯಿಲ್ಲದೆ ಮುಚ್ಚಿರಬೇಕು ಎಂದು ನಾನೇ ಎಳೆದೆ. ಟಕ್ ಎಂದಿತು.

‘ಅಜ್ಜೀ, ಲಾಕ್ ಹೋ ಗಯಾ’ ಎಂದಳು ಮೊಮ್ಮಗಳು.

ಮಗ ಹಿಂದಿನ ತಿಂಗಳಷ್ಟೇ ಹೊಸ ಬೀಗ ಹಾಕಿಸಿದ್ದ, ಎಳೆದರೆ ತಾನೇ ಬೀಳುವಂಥದ್ದು. ಕೀಲಿಕೈ ಒಳಗೆ, ಫೋನುಗಳು ಒಳಗೆ. ಸತ್ತವರು ಊಟ ಮಾಡುವಾಗ ಫೋನ್ ಹಿಡಿದುಕೊಂಡಿರಬೇಡಿ ಎಂದು ನಾನೇ ಬೈದು ಇಡಿಸಿದ್ದೆ. ಕರ್ಟನ್ನಿನ ಹತ್ತಿರ ದೀಪ ಉರಿಯುತ್ತಿತ್ತು.

‘ಇನ್ನು ಅಪ್ಪನೇ ಎದ್ದು ತೆಗೀಬೇಕು’ ಎಂದ ಮಗ. ಸೊಸೆ ನಕ್ಕಳು. ನನಗೂ ನಗು ಬಂತು. ಅದು ನಾವು ಆ ಕಾರಿಡಾರಿನಲ್ಲಿ ಒಟ್ಟಿಗೆ ನಕ್ಕ ಕೊನೆಯ ಸಲ.

ಆಗ ಎದುರು ಬಾಗಿಲು ತೆರೆಯಿತು. ಬೆಹನ್‌ಜೀ ಖೀರು ಪೂರಿಯ ತಟ್ಟೆ ಹಿಡಿದು ನಮ್ಮ ಮನೆಗೇ ಹೊರಟಿದ್ದಳು. ‘ಅರೇ, ಸಬ್ ಬಾಹರ್? ಕ್ಯಾ ಹುವಾ?’

ಬೀಗ ಬಿತ್ತು, ಒಳಗೆ ಪೂಜೆಯ ದೀಪ ಉರಿಯುತ್ತಿದೆ ಎಂದು ಮಗ ಹೇಳಿಬಿಟ್ಟ. ಹೇಳಬಾರದಿತ್ತು. ದೀಪ ಎಂದದ್ದೇ ಅವಳು ಗಾಬರಿಯಾದಳು. ಗಾರ್ಡನನ್ನು ಕೂಗಿದಳು, ಗಾರ್ಡ್ ಮಾರ್ಕೆಟ್ಟಿನಿಂದ ಬೀಗ ತೆಗೆಯುವವನನ್ನು ಕರೆಸಿದ. ನಾನು ಮೆಲ್ಲಗೆ, ‘ಬೆಹನ್‌ಜೀ, ನೀವು ಒಳಗೆ ಹೋಗಿ, ತಟ್ಟೆ ಆರುತ್ತದೆ’ ಎಂದೆ. ‘ನಿಮ್ಮ ಮನೆ ಸುಡುವಾಗ ನಾನು ಒಳಗೆ ಹೋಗಿ ಕೂರಲಾ?’ ಎಂದು ನನ್ನ ಬೆನ್ನು ಸವರಿದಳು. ಒಳ್ಳೆಯವಳು. ಒಳ್ಳೆಯವಳಾದದ್ದೇ ಕಷ್ಟವಾಯಿತು.

ಬೀಗ ತೆಗೆಯುವವನು ತಂತಿ ಹಾಕಿ ತಿರುವಿದ. ಬಾಗಿಲು ಹಿಂದಕ್ಕೆ ಹೋಯಿತು. ತಟ್ಟುವುದಕ್ಕೆ ನನಗೆ ನೆನಪಾಗಲಿಲ್ಲ. ಕೆಮ್ಮಲೂ ಇಲ್ಲ. ಒಳಗೆ ಕೂಡಿಹಾಕಿದ್ದ ಬಾಡಿನ ವಾಸನೆ ಮೊದಲು ಹೊರಗೆ ಬಂತು. ಆಮೇಲೆ ಎಲ್ಲರಿಗೂ ಕಂಡಿತು, ಮಾಲೆ ಹಾಕಿದ ಫೋಟೊ, ಎಲೆಯ ಮೇಲೆ ಮುದ್ದೆ, ಸಾರಿನಿಂದ ಮೇಲೆದ್ದ ಮೂಳೆ, ರಮ್ಮಿನ ಶೀಶೆ, ಬೀಡಿ ಕಟ್ಟು.

‘ವಾಹ್ ಅಮ್ಮಾ, ಪಾರ್ಟಿ!’ ಎಂದ ಬೀಗದವನು. ಗಾರ್ಡ್ ನೆಲ ನೋಡಿದ.

ಬೆಹನ್‌ಜೀ ಸೆರಗನ್ನು ಮೂಗಿಗೆ ತಂದಳು. ‘ಅಮ್ಮಾಜೀ? ಶ್ರಾದ್ಧ್ ಮೇಂ?’ ಸಿಟ್ಟಿನಿಂದ ಕೇಳಿದ್ದಲ್ಲ. ನಾನು ಅಲ್ಲ ಅನ್ನಲಿ ಎಂದು ಕೇಳಿದ ಹಾಗಿತ್ತು.

ನಾನು ಸೊಸೆಯ ಕಡೆ ಕೈ ತೋರಿಸಿದೆ. ‘ಬಹೂ ಕೇ ಮಾಯ್ಕೇ ಕಾ ರಿವಾಜ್ ಹೈ. ಮೈಂ ಕ್ಯಾ ಕರೂಂ?’ ಇದು ಸೊಸೆಯ ತವರಿನ ಪದ್ಧತಿ, ನಾನೇನು ಮಾಡಲಿ ಎಂದೆ.

ಯೋಚನೆ ಮಾಡಿ ಹೇಳಿದ್ದಲ್ಲ ಎಂದರೆ ಅದು ಇನ್ನೂ ಕೆಟ್ಟದ್ದು. ಯೋಚನೆಯೇ ಬೇಕಾಗಲಿಲ್ಲ, ಮಾತು ಸಿದ್ಧವಾಗಿ ನಾಲಿಗೆಯ ಮೇಲೆ ಕೂತಿತ್ತು. ಮನೆಯಲ್ಲಿ ಹಾಲು ಉಕ್ಕಿದರೂ ಸೊಸೆಯ ಮೇಲೆ ಹಾಕುವುದು ನಮಗೆ ಅಭ್ಯಾಸ. ಮೊಟ್ಟೆ ಮುಟ್ಟದ ಆ ಮನೆಯವರ ಮೇಲೆ ಬಾಡು, ರಮ್ಮು, ಬೀಡಿ ಎಲ್ಲ ಒಂದೇ ಉಸಿರಿಗೆ ಹೊರಿಸಿದೆ. ಸೊಸೆಯ ಕೊರಳಲ್ಲಿ ಮೂಗಿಗೆ ಕಟ್ಟಿಕೊಂಡಿದ್ದ ದುಪಟ್ಟಾ ಇನ್ನೂ ಇತ್ತು. ಒಂದು ಸಲ ನನ್ನ ಮುಖ ನೋಡಿದಳು. ಮಗ ಬಾಯಿ ತೆರೆದ, ಅವಳು ಅವನ ಕೈ ಹಿಡಿದು ಒತ್ತಿದಳು.

‘ಬೇಟಾ, ಅಮ್ಮಾಜೀ ಕೀ ಉಮ್ರ್ ಕಾ ತೋ ಖಯಾಲ್ ಕರ್ತೀ’ ಎಂದಳು ಬೆಹನ್‌ಜೀ ಅವಳಿಗೆ. ಈ ಮುದುಕಿಯ ವಯಸ್ಸಿಗಾದರೂ ಬೆಲೆ ಕೊಡಬಾರದಿತ್ತೇ ಎಂದು.

‘ಸಾರಿ ಆಂಟೀ’ ಎಂದಳು ಸೊಸೆ.

ಬೆಹನ್‌ಜೀ ತಟ್ಟೆಯನ್ನು ಹಿಡಿದುಕೊಂಡೇ ವಾಪಸು ಹೋದಳು.

ಒಳಗೆ ಬಂದು ಫೋಟೊ ನೋಡಿದೆ. ಅವರು ಹೇಳಿದ ದಿನ, ಹೇಳಿದ ಹೊತ್ತಿಗೆ ಬಂದಿದ್ದರು. ಎಲೆಯ ಮುಂದೆ ಕೂತಿದ್ದರು. ಅಷ್ಟು ಜನರ ಎದುರಿಗೆ ನಾನು ಇವರು ನಮ್ಮವರಲ್ಲ, ಯಾರದೋ ಮನೆಯ ನೆಂಟರು ಎಂದೆ. ನಲವತ್ತು ವರ್ಷ ಒಂದೇ ತಟ್ಟೆಯಲ್ಲಿ ಉಂಡವರನ್ನು. ಅವರು ಕುಡಿದು ಬಂದು ಬೈದದ್ದು ಉಂಟು, ಆದರೆ ನನ್ನನ್ನು ಇವಳು ನನ್ನವಳಲ್ಲ ಎಂದು ಯಾರ ಮುಂದೂ ಹೇಳಿದವರಲ್ಲ.

ಸೊಸೆ ನಮಗೆ ಬಡಿಸಿ ರೂಮಿಗೆ ಹೋದಳು. ನಾನು ಉಂಡೆ. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಸಾರು ಚೆನ್ನಾಗಿತ್ತು.

ಆಮೇಲಿನ ದಿನಗಳಲ್ಲಿ ಸೊಸೆ ಎಂದಿನಂತೆ ಇದ್ದಳು, ಚಹಾ ಕೊಟ್ಟಳು, ಮಾತ್ರೆ ಕೊಟ್ಟಳು. ಲಿಫ್ಟಿನಲ್ಲಿ ಹೆಂಗಸರು ಅವಳ ಜೊತೆ ಮಾತು ಕಡಿಮೆ ಮಾಡಿದರು. ಭಜನೆಯಲ್ಲಿ ನನಗೆ ಮುಂದಿನ ಸಾಲು ಹಾಗೇ ಇತ್ತು. ಇನ್ನೂ ಸ್ವಲ್ಪ ಮುಂದಕ್ಕೇ ಕೂರಿಸಿದರು, ಸೊಸೆಯ ಕಾಟ ಸಹಿಸುವವಳು ಎಂದು. ನಾನು ಕೂತೆ. ತಾಳವನ್ನೂ ಹಾಕಿದೆ.

ನವರಾತ್ರಿಯ ಅಷ್ಟಮಿಯ ದಿನ ಇಲ್ಲಿನವರು ಸಣ್ಣ ಹೆಣ್ಣುಮಕ್ಕಳನ್ನು ಕರೆದು, ಕಾಲು ತೊಳೆದು, ದೇವಿಯೆಂದು ಊಟಕ್ಕೆ ಹಾಕುತ್ತಾರೆ. ಬೆಹನ್‌ಜೀ ಮನೆಗೆ ನಮ್ಮ ಮೊಮ್ಮಗಳು ಪ್ರತಿ ವರ್ಷ ಹೋಗುತ್ತಿದ್ದಳು. ಆ ದಿನವೂ ಬೆಳಗ್ಗೆಯೇ ಎದ್ದು ಕೆಂಪು ಲಂಗ ಹಾಕಿಕೊಂಡು ಬಾಗಿಲ ಹತ್ತಿರ ಮೋಡದ ಮುಖ ಮಾಡಿ ಕೂತಳು. ಎದುರು ಮನೆಗೆ ಒಂದೊಂದೇ ಹುಡುಗಿ ಬರುವ ಗೆಜ್ಜೆ ಸದ್ದು ಕೇಳುತ್ತಿತ್ತು. ‘ಅಜ್ಜಿ, ಆಂಟಿ ಭೂಲ್ ಗಯೀ ಕ್ಯಾ?’ ಎಂದು ಕೇಳಿದಳು. ಮರೆತಿಲ್ಲ ಎಂದು ನನಗೆ ಗೊತ್ತಿತ್ತು. ಬಾಡು ಬೇಯಿಸುವವಳ ಮಗಳನ್ನು ಆ ದಿನ ದೇವಿ ಎಂದು ಹೇಗೆ ಕೂರಿಸುತ್ತಾಳೆ. ಅವಳ ನೇಮಕ್ಕೆ ಅವಳು ಸರಿ.

ಎದ್ದು ಹೋದೆ. ಹೊಸ್ತಿಲ ಹೊರಗೇ ನಿಂತೆ. ಒಳಗೆ ಹುಡುಗಿಯರು ಸಾಲಾಗಿ ಕೂತಿದ್ದರು, ಹಲ್ವದ ತುಪ್ಪದ ವಾಸನೆ. ನನಗೆ ಬರುವ ಹಿಂದಿಯಲ್ಲಿ ಹೇಳಿದೆ: ಬಾಡು ತರಿಸಿದ್ದು ನಾನು, ಇಡಿಸಿದ್ದು ನಾನು, ಅದು ನನ್ನ ಗಂಡನಿಗೆ. ನಾವು ತಿನ್ನುವ ಜನ, ಮೊದಲಿಂದಲೂ. ಸೊಸೆ ಮೊಟ್ಟೆಯನ್ನೂ ಮುಟ್ಟುವುದಿಲ್ಲ.

ಅವಳ ಕೈಯಲ್ಲಿ ಸೌಟು ಇತ್ತು. ‘ಹಮ್ನೇ ಆಪ್‌ಕೋ ಕ್ಯಾ ಸಮ್ಝಾ ಥಾ’ ಎಂದಳು. ನಿಮ್ಮನ್ನು ಏನೆಂದುಕೊಂಡಿದ್ದೆ ಎಂದು. ಆ ಒಂದು ಮಾತಿಗೆ ಹೆದರಿ ವರ್ಷಗಟ್ಟಲೆ ಕಿಟಕಿ ಮುಚ್ಚಿದ್ದೆ. ಬಂದಾಗ ಮಾತು ಇಷ್ಟೇ ಇಷ್ಟು ಇತ್ತು. ಹಲ್ವದ ಪಾತ್ರೆಯ ಕಡೆ ತಿರುಗಿ, ‘ಬಚ್ಚೀ ಕೋ ಭೇಜ್ ದೋ’ ಎಂದಳು. ಮಗು ಓಡಿತು.

ಮನೆಗೆ ಬಂದೆ. ಸೊಸೆ ಬಾಗಿಲಲ್ಲೇ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು.

‘ಅವರ ಮುಂದ ಹೇಳಿ ಬಂದ್ರಿ. ಛಲೋ ಆತ್ರಿ’ ಎಂದಳು.

‘ಹ್ಞೂಂ.’

‘ನನ್ನ ಮುಂದ ಏನೂ ಹೇಳಲಿಲ್ಲಲ್ರಿ ಅತ್ತಿ.’

ನಾನು, ‘ಮಗೂಗೆ ನೀರಿನ ಬಾಟಲಿ ಕೊಟ್ಟು ಕಳಿಸ್ಬೇಕಿತ್ತು’ ಎಂದೆ. ಅದೇ ಬಂದದ್ದು.

ಆವತ್ತಿನಿಂದ ಒಂದು ವಿಷಯ ತಲೆಯಲ್ಲಿ ಓಡುತ್ತಿದೆ. ಹಬ್ಬ ಯಾಕೆ ಮಾಡಿದ್ದಾರೆ ಎಂದರೆ, ಮನುಷ್ಯ ತಾನಾಗಿ ಮಾಡದ್ದನ್ನು ಮಾಡಿಸುವುದಕ್ಕೆ. ದಿನ ಗೊತ್ತುಮಾಡದಿದ್ದರೆ ನಾನು ಸತ್ತವರನ್ನು ಊಟಕ್ಕೆ ಕರೆಯುತ್ತಿದ್ದೆನೆ? ಇವತ್ತು ಮಂಡಿ ನೋವು, ನಾಳೆ ಬಿಸಿಲು ಎನ್ನುತ್ತಿದ್ದೆ. ಹಾವಿಗೆ ಹಾಲೆರೆಯುವುದಕ್ಕೆ ಒಂದು ದಿನ ಇದೆ. ಮಚ್ಚಿಗೆ, ಕಾರಿಗೆ ಕೈಮುಗಿಯುವುದಕ್ಕೆ ಒಂದು ದಿನ ಇದೆ. ಅತ್ತೆಯಾದವಳು ಸೊಸೆಗೆ ತಪ್ಪಾಯಿತು ಅನ್ನುವುದಕ್ಕೆ ಯಾವ ಪಂಚಾಂಗದಲ್ಲೂ ದಿನ ಇಲ್ಲ. ಇದ್ದಿದ್ದರೆ ತಲೆಗೆ ಸ್ನಾನ ಮಾಡಿ, ಹೇಳಿ ಮುಗಿಸಿಬಿಡುತ್ತಿದ್ದೆ. ಅಷ್ಟಮಿಯ ಮಾರನೇ ದಿನ ಆಯುಧಪೂಜೆಯಲ್ಲಿ, ಅವಳು ಮಸಾಲೆ ಅರೆಯುವ ಮಿಕ್ಸಿಗೆ ಕುಂಕುಮ ಹಚ್ಚಿ ಹೂವಿಟ್ಟೆ. ಮಿಕ್ಸಿಗೆ ಇಟ್ಟರೆ ಅವಳಿಗೆ ಇಟ್ಟ ಹಾಗೆ ಆಯಿತೇ? ಸಂಜೆ ಅವಳು ಅದನ್ನು ಒರೆಸಿ ಚಟ್ನಿ ರುಬ್ಬಿದಳು.

ಈ ವರ್ಷ ಅಮಾವಾಸ್ಯೆಗೆ ಸೊಸೆ ರಜೆ ಹಾಕಲಿಲ್ಲ. ‘ಆಫೀಸಿನ್ಯಾಗ ಕೆಲಸ ಭಾಳ ಐತ್ರಿ’ ಎಂದು ಬ್ಯಾಗು ಹಾಕಿಕೊಂಡು ಮೆಟ್ರೋಗೆ ಹೋದಳು. ರಜೆ ಹಾಕು ಅನ್ನುವುದಕ್ಕೆ ನನಗೆ ಮುಖ ಬೇಕಲ್ಲ. ಸೊಟ್ಟ ಕೈಯಲ್ಲೇ ಮಸಾಲೆ ಹುರಿದೆ, ಸಾರು ಮಾಡಿದೆ. ಮುದ್ದೆ ಕಟ್ಟುವಾಗ ಬೆರಳು ಮಡಿಸಲು ಬಾರದೆ ಮಗನನ್ನು ಕರೆದೆ, ಅವನು ಕಟ್ಟಿದ್ದು ಕಲ್ಲಿನ ಹಾಗೆ ಆಯಿತು. ಕಿಟಕಿ ತೆರೆದೇ ಇಟ್ಟಿದ್ದೆ. ಮಧ್ಯಾಹ್ನಕ್ಕೆ ಮುಂಚೆ ಬೆಹನ್‌ಜೀ ಮನೆಯ ಕೆಲಸದವಳು ಖೀರು ಪೂರಿ ತಂದುಕೊಟ್ಟಳು, ಕಾಗದದ ತಟ್ಟೆಯಲ್ಲಿ. ಕಾಗದದ ತಟ್ಟೆಯನ್ನು ವಾಪಸು ಕೊಡಬೇಕಾಗಿಲ್ಲ. ನಮ್ಮನೆಯ ಪಾತ್ರೆ, ಅವಳ ಮನೆಯ ಪಾತ್ರೆ ಈಗ ಬೇರೆ ಬೇರೆ. ಖೀರನ್ನು ನಮ್ಮವರ ಎಲೆಗೆ ಬಡಿಸಲಿಲ್ಲ, ಮೊಮ್ಮಗಳು ತಿಂದಳು.

ಎಡೆ ಇಟ್ಟು ಮೂವರೂ ಹೊರಗೆ ಬಂದೆವು. ಕೀಲಿಕೈ ನನ್ನ ಸೆರಗಿನ ಗಂಟಿನಲ್ಲಿತ್ತು. ಬಾಗಿಲು ಎಳೆದೆ. ಅಷ್ಟರಲ್ಲಿ ಲಿಫ್ಟಿನಿಂದ ಬೆಹನ್‌ಜೀ ಬಂದಳು, ಜೊತೆಗೆ ಭಜನೆಯ ಇಬ್ಬರು ಹೆಂಗಸರು. ನಿಂತಳು. ‘ಫಿರ್ ಸೇ ಚಾಬೀ ಅಂದರ್?’ ಎಂದಳು. ಹಳೇ ಸಲಿಗೆಯೋ, ಚುಚ್ಚಿದ್ದೋ, ತಿಳಿಯಲಿಲ್ಲ.

‘ಇಲ್ಲ, ಕೀಲಿ ನನ್ನ ಹತ್ತಿರ ಇದೆ’ ಎಂದೆ ಹಿಂದಿಯಲ್ಲಿ. ‘ಒಳಗೆ ನಮ್ಮ ಯಜಮಾನರು ಊಟ ಮಾಡ್ತಿದ್ದಾರೆ. ಬಾಡಿನ ಊಟ. ಇವತ್ತು ಅವರ ದಿನ. ಸ್ವಲ್ಪ ಮೆತ್ತಗೆ ಮಾತಾಡಿ.’

‘ಅಚ್ಛಾ’ ಎಂದಳು. ಇನ್ನೊಂದು ಸಲ ‘ಅಚ್ಛಾ’ ಎಂದು, ಜೊತೆಯವರನ್ನು ಕರೆದುಕೊಂಡು ಒಳಗೆ ಹೋಗಿ ಸದ್ದಾಗದಂತೆ ಬಾಗಿಲು ಹಾಕಿಕೊಂಡಳು. ಮಗ ನನ್ನ ಭುಜ ತಟ್ಟಿದ. ನಾನು ಕೈ ಕೊಡವಿದೆ. ಆ ಮಾತನ್ನು ಹೋದ ವರ್ಷ ಆಡಬೇಕಿತ್ತು, ಕೇಳಬೇಕಾದವಳು ಪಕ್ಕದಲ್ಲಿ ನಿಂತಿದ್ದಾಗ. ದಿನ ತಪ್ಪಿದ ಮೇಲೆ ಎಡೆ ಇಟ್ಟ ಹಾಗಾಯಿತು ಅದು.

ಬಾಗಿಲು ತಟ್ಟಿದೆ. ಕೆಮ್ಮಿದೆ. ಒಳಗೆ ಹೋದೆವು.

ಸಂಜೆ ಸೊಸೆ ಬಂದಳು. ಚಪ್ಪಲಿ ಬಿಟ್ಟು, ಫೋಟೊದ ಮುಂದೆ ನಿಂತು ಕೈಮುಗಿದಳು. ಅಲ್ಲಿಂದಲೇ ತಿರುಗದೆ ಕೇಳಿದಳು, ‘ಮಾವನವರು ಉಂಡ್ರೇನ್ರಿ?’

ತಪ್ಪಾಯಿತು ಎಂದು ಹೇಳುವುದಕ್ಕೆ ಅದೇ ಹೊತ್ತಾಗಿತ್ತು. ನಾವಿಬ್ಬರೇ ಇದ್ದೆವು, ಮಗ ಮೊಮ್ಮಗಳನ್ನು ಟ್ಯೂಷನ್ನಿಗೆ ಬಿಡಲು ಹೋಗಿದ್ದ. ನಾನು ಬಾಯಿ ತೆರೆದೆ.

‘ಉಪ್ಪು ಹೆಚ್ಚಾಗಿತ್ತು’ ಎಂದೆ.

ಅವಳು ಎಲೆ ತೆಗೆಯಲು ಬಗ್ಗಿದಳು. ‘ಬಿಡು, ನಾನು ತೆಗೀತೀನಿ’ ಎಂದು ಎದ್ದೆ. ಅಷ್ಟರಲ್ಲಿ ಅವಳು ಮಡಿಸಿ ಆಗಿತ್ತು.